ಪಕ್ಕದ ಬೆಂಚಿನ ಪಂಡಿತರು

"ಮೇಷ್ಟ್ರೇ, ನೀವೇ ಹೇಳಿ, ಇದು ನ್ಯಾಯವಾ?"

ಕಾಂಪೌಂಡಿನ ಆಚೆಯಿಂದ ಮಾತು ಹೀಗೆ ಶುರುವಾಯಿತೆಂದರೆ ಅವರ ಒಲೆಯ ಮೇಲಿನ ಹಾಲು ಉಕ್ಕುವ ತನಕ ನನಗೆ ಬಿಡುಗಡೆಯಿಲ್ಲ. ಪಕ್ಕದ ಮನೆಯಾಕೆ ಕರಿಬೇವು ಕೀಳಲು ಬಂದಿದ್ದರು. ಗಿಡ ನಮ್ಮದು, ಕೊಂಬೆ ಬಾಗಿರುವುದು ಅವರ ಕಡೆಗೆ. ಹೀಗಾಗಿ ಸೊಪ್ಪೂ ಅವರದೇ, ಮಾತೂ ಅವರದೇ. ನೀರು ಹಾಕುವವನು ಮಾತ್ರ ನಾನು.

"ಏನಾಯ್ತು ತಾಯಿ?"

"ನಮ್ಮ ಪುಟ್ಟಿಗೆ ಕಾಲೇಜಲ್ಲಿ ಪ್ರಬಂಧ ಬರೆಯೋಕೆ ಹೇಳಿದ್ರು. ಸರಿ, ಬರೆದಳು. ಬರೆದಮೇಲೆ ಮೇಡಂಗೆ ಕೊಡೋದಲ್ವಾ ಪದ್ಧತಿ? ಈ ಮೇಡಂ ಅದನ್ನ ನಿಮ್ಮ ನಿಮ್ಮಲ್ಲೇ ಬದಲಾಯಿಸಿಕೊಳ್ಳಿ, ಓದಿ ಅಭಿಪ್ರಾಯ ಬರೆದು ವಾಪಸ್ ಕೊಡಿ ಅಂದ್ರಂತೆ. ಸಂಬಳ ತಗೊಳ್ಳೋರು ಒಬ್ಬರು, ಓದೋರು ಇನ್ನೊಬ್ಬರು!"

"ಒಳ್ಳೇದೇ ಆಯ್ತಲ್ಲ."

"ಏನೊಳ್ಳೇದು? ಮಕ್ಕಳ ಪ್ರಬಂಧ ಮಕ್ಕಳ ಕೈಲೇ ತಿದ್ದಿಸೋದಾ? ಅವಕ್ಕೇನು ಗೊತ್ತು ಪಾಪ?"

ನಾನು ಕನ್ನಡ ಮೇಷ್ಟ್ರಾಗಿ ಪ್ರಬಂಧ ತಿದ್ದಿಯೇ ತಲೆ ನರೆಸಿಕೊಂಡವನು. ಆ ಅಧಿಕಾರದಿಂದಲೇ ಹೇಳುತ್ತೇನೆ, ವಿದ್ಯಾರ್ಥಿಗಳ ಪ್ರಬಂಧಕ್ಕೆ ಮೇಷ್ಟ್ರಷ್ಟು ಕೆಟ್ಟ ಓದುಗ ಇನ್ನೊಬ್ಬನಿಲ್ಲ. ಅವನು ಓದುವುದಿಲ್ಲ, ಹುಡುಕುತ್ತಾನೆ. ಪೀಠಿಕೆ ಇದೆಯೇ, ವಿಷಯ ವಿವರಣೆ ಇದೆಯೇ, ಉಪಸಂಹಾರ ಇದೆಯೇ, ಅಡಿಗೆರೆ ಎಳೆದಿದ್ದಾನೆಯೇ? ಇದ್ದರೆ ಅಂಕ, ಇಲ್ಲದಿದ್ದರೆ ಇಲ್ಲ. ನಡುವೆ ಹುಡುಗ ತಮ್ಮ ಮನೆಯ ಎಮ್ಮೆ ಕಳೆದುಹೋದ ಸಂಗತಿಯನ್ನೇ ಬರೆದಿದ್ದರೂ ಕಟ್ಟಿನ ಎಂಬತ್ತನೆಯ ಉತ್ತರಪತ್ರಿಕೆಯ ಹೊತ್ತಿಗೆ ಅದು ಯಾರ ಕಣ್ಣಿಗೂ ಬೀಳುವುದಿಲ್ಲ. ಪಕ್ಕದ ಬೆಂಚಿನವನಿಗೆ ಈ ಕಾಯಿಲೆಯಿಲ್ಲ. ಅವನ ಮುಂದೆ ಕಟ್ಟಿಲ್ಲ, ಕೈಯಲ್ಲಿ ಅಂಕವಿಲ್ಲ. ಬೇಜಾರಾದರೆ ನೇರವಾಗಿ ಆಕಳಿಸುತ್ತಾನೆ. ಬರೆಯುವವನಿಗೆ ಬೇಕಾದದ್ದು ಆ ಆಕಳಿಕೆ ಯಾವ ಸಾಲಿನಲ್ಲಿ ಬಂತು ಎಂಬ ಸುದ್ದಿ.

ಇದನ್ನು ಹೇಳಿದರೆ ಆಕೆ ಒಪ್ಪಲಿಲ್ಲ. ಸಾಕ್ಷಿಗೆ ಮಗಳನ್ನೇ ಕೂಗಿದರು. ಪುಟ್ಟಿ ಬಂದಳು. ಕೈಯಲ್ಲಿ ನಾಲ್ಕು ಹಾಳೆ, ಮುಖದಲ್ಲಿ ಮೂರು ದಿನದ ಮುನಿಸು. ಪ್ರಬಂಧದ ಹೆಸರು 'ನಮ್ಮೂರ ಕೆರೆ'. ಅವರ ಮೂಲ ಊರು ಚನ್ನರಾಯಪಟ್ಟಣದ ಕಡೆ.

"ನೋಡಿ ತಾತ, ಮೂರು ಜನ ಓದಿದ್ದಾರೆ," ಎಂದು ಗೋಡೆಯ ಮೇಲಿಟ್ಟಳು.

ಮೊದಲನೆಯದು ಅವಳ ಜೀವದ ಗೆಳತಿ ಬರೆದದ್ದು. "ಸೂಪರ್ ಕಣೇ! ತುಂಬಾ ಚೆನ್ನಾಗಿದೆ. ಇನ್ನೂ ಸ್ವಲ್ಪ ಇಂಪ್ರೂವ್ ಮಾಡಿದ್ರೆ ಇನ್ನೂ ಚೆನ್ನಾಗಿರುತ್ತೆ." ಪಕ್ಕದಲ್ಲಿ ಒಂದು ಹೃದಯದ ಚಿತ್ರ. ಸ್ನೇಹಕ್ಕೆ ಇದು ಒಳ್ಳೆಯದು, ಪ್ರಬಂಧಕ್ಕೆ ಏನೂ ಅಲ್ಲ. ಇನ್ನೂ ಸ್ವಲ್ಪ ಎಂದರೆ ಎಲ್ಲಿ, ಎಷ್ಟು, ಯಾವುದನ್ನು? ಈ ಎರಡು ವಾಕ್ಯಗಳನ್ನು ಕೆರೆಯ ಪ್ರಬಂಧಕ್ಕೂ ಬರೆಯಬಹುದು, ಗ್ರಂಥಾಲಯಗಳ ಮಹತ್ವಕ್ಕೂ ಬರೆಯಬಹುದು, ಮದುವೆ ಕರೆಯೋಲೆಗೂ ಬರೆಯಬಹುದು. ಪ್ರಬಂಧವನ್ನು ಓದದೆಯೂ ಬರೆಯಬಹುದು ಎನ್ನುವುದೇ ಅದರ ದೊಡ್ಡ ಅನುಕೂಲ. ಈಗಂತೂ ಅಷ್ಟು ಕಷ್ಟವನ್ನೂ ಪಡಬೇಕಾಗಿಲ್ಲವಂತೆ. ಗೆಳತಿಯ ಪ್ರಬಂಧದ ಫೋಟೋ ತೆಗೆದು ಮೊಬೈಲಿನಲ್ಲಿರುವ ಎಐಗೆ ಕೊಟ್ಟರೆ "ಪ್ರಬಂಧವು ಉತ್ತಮವಾಗಿ ರಚಿತವಾಗಿದೆ, ಆದಾಗ್ಯೂ ಇನ್ನಷ್ಟು ಉದಾಹರಣೆಗಳನ್ನು ಸೇರಿಸಬಹುದು" ಎಂದು ಅರೆಕ್ಷಣದಲ್ಲಿ ಬರೆದುಕೊಡುತ್ತದೆ, ಅದನ್ನು ನಕಲು ಮಾಡಿದವರೂ ತರಗತಿಯಲ್ಲಿ ಇದ್ದಾರೆ ಎಂದಳು ಪುಟ್ಟಿ. ಹೃದಯದ ಚಿತ್ರವೇ ವಾಸಿ ಎನ್ನಿಸಿತು.

ಎರಡನೆಯವನದು ಕೆಂಪು ಪೆನ್ನು. ತರಗತಿಗೊಬ್ಬ ಇಂಥವನು ಇದ್ದೇ ಇರುತ್ತಾನೆ. ಒತ್ತು ತಪ್ಪಿದರೆ ಸುತ್ತು, ದೀರ್ಘ ತಪ್ಪಿದರೆ ಸುತ್ತು, ಅಲ್ಪಪ್ರಾಣಕ್ಕೆ ಮಹಾಪ್ರಾಣ ಬಂದರೆ ಎರಡು ಸುತ್ತು. ಮೊದಲ ಪುಟದಲ್ಲೇ ಕೆಂಪು ಎಷ್ಟಿತ್ತೆಂದರೆ ಪುಟ್ಟಿಯ ತಾಯಿ ಅದನ್ನು ನೋಡಿ, "ಈ ಹುಡುಗ ಬುದ್ಧಿವಂತ. ಕಷ್ಟಪಟ್ಟು ನೋಡಿದ್ದಾನೆ," ಎಂದು ಸರ್ಟಿಫಿಕೇಟ್ ಕೊಟ್ಟರು.

ಕಷ್ಟಪಟ್ಟಿದ್ದಾನೆ, ನಿಜ. ಕಾಗುಣಿತ ತಿದ್ದಬಾರದೆಂದು ಕನ್ನಡ ಮೇಷ್ಟ್ರಾಗಿದ್ದವನು ಹೇಳಿದರೆ ಪಿಂಚಣಿ ನಿಲ್ಲಿಸಿಯಾರು. ಆದರೆ ಅದಕ್ಕೊಂದು ಹೊತ್ತಿದೆ. ಅವನು ಅಷ್ಟೆಲ್ಲ ಸುತ್ತು ಹಾಕಿದ ಮೊದಲ ಪುಟದಲ್ಲಿ ಇದ್ದದ್ದು ಏನು ಗೊತ್ತೇ? ನೀರು ಜೀವಜಲ. ನೀರಿಲ್ಲದೆ ಮಾನವನ ಬದುಕನ್ನು ಊಹಿಸಲೂ ಸಾಧ್ಯವಿಲ್ಲ. ಇಂದಿನ ಆಧುನಿಕ ಯುಗದಲ್ಲಿ ಮಾನವನ ದುರಾಸೆಯಿಂದ ಜಲಮೂಲಗಳು ನಾಶವಾಗುತ್ತಿವೆ. ಹೀಗೇ ಒಂದು ಪುಟ. ಹೈಸ್ಕೂಲಿನಲ್ಲಿ ಪ್ರಬಂಧವೆಂದರೆ ಇಂದಿನ ಆಧುನಿಕ ಯುಗ, ಗಾದೆ ವಿಸ್ತರಣೆಯೆಂದರೆ ವೇದ ಸುಳ್ಳಾದರೂ ಗಾದೆ ಸುಳ್ಳಾಗದು. ಇವನ್ನು ಮಕ್ಕಳ ಬಾಯಲ್ಲಿ ಇಟ್ಟವರು ನಾವೇ, ಮೇಷ್ಟ್ರುಗಳು. ಆ ಪುಟ ಇಡಿಯಾಗಿ ಹೋಗಬೇಕಾದದ್ದು. ಹೋಗಬೇಕಾದ ಪುಟದ ಒತ್ತಕ್ಷರ ತಿದ್ದಿದರೆ ಆಗುವ ನಷ್ಟ ಬೇರೆಯೇ ಇದೆ. ತಿದ್ದಿಸಿಕೊಂಡವರಿಗೆ ಆ ಪುಟದ ಮೇಲೆ ಮಮತೆ ಹುಟ್ಟುತ್ತದೆ. ಅಷ್ಟು ಅಚ್ಚುಕಟ್ಟಾಗಿ ತಿದ್ದಿಕೊಂಡಿದ್ದೇನೆ, ಈಗ ಹೇಗೆ ಬಿಸಾಡಲಿ ಎನ್ನಿಸುತ್ತದೆ. ಹಾಗೆ ಉಳಿದುಕೊಂಡ ಪೀಠಿಕೆಗಳು ನಾಡಿನಲ್ಲಿ ಎಷ್ಟಿವೆಯೋ.

ಮೂರನೆಯದು ಪೆನ್ಸಿಲಿನಲ್ಲಿ ಬರೆದದ್ದು, ನಾಲ್ಕೇ ಸಾಲು. ಜಗಳಕ್ಕೆಲ್ಲ ಮೂಲ ಅದೇ.

"ಎರಡನೇ ಪುಟದಲ್ಲಿ ನಿಮ್ಮ ತಾತ ಬೆಳಗಿನ ಜಾವ ಕೆರೆಯೊಳಗೆ ಈಜಿಕೊಂಡು ಹೋಗಿ ತೂಬು ಎತ್ತುವುದು ಬರುತ್ತೆ. ಅಲ್ಲಿಂದ ಆ ಪ್ಯಾರಾ ಮುಗಿಯೋವರೆಗೂ ಬಿಡದೆ ಓದಿದೆ. ಅದಕ್ಕೆ ಮುಂಚೆ ಎರಡು ಸಲ ಫೋನ್ ನೋಡಿದೆ. ತಾತನಿಗೆ ಸಂಬಳ ಯಾರು ಕೊಡ್ತಿದ್ರು? ಯಾರ ಗದ್ದೆಗೆ ಮೊದಲು ನೀರು ಅಂತ ಯಾರು ತೀರ್ಮಾನ ಮಾಡ್ತಿದ್ರು?"

"ಫೋನ್ ನೋಡಿದ್ನಂತೆ! ಅದನ್ನ ಬೇರೆ ಬರೆದುಕೊಟ್ಟಿದ್ದಾನೆ! ನನ್ನ ಮಗಳು ರಾತ್ರಿ ಹನ್ನೊಂದರ ತನಕ ಕೂತು ಬರೆದದ್ದು," ಎಂದು ತಾಯಿ ಕರಿಬೇವಿನ ಕಡ್ಡಿಯನ್ನು ಲಟಕ್ಕನೆ ಮುರಿದರು.

"ಒಂದು ಒಳ್ಳೆ ಮಾತೂ ಇಲ್ಲ ತಾತ," ಎಂದಳು ಪುಟ್ಟಿ.

"ಬಿಡದೆ ಓದಿದೆ ಅಂತ ಬರೆದಿದ್ದಾನಲ್ಲಮ್ಮ. ಆ ಸೂಪರ್‌ಗಿಂತ ಇದು ದೊಡ್ಡದು."

ಆ ಹುಡುಗ ಯಾರೋ ನನಗೆ ತಿಳಿಯದು. ಆದರೆ ಅವನು ಮಾಡಿದ್ದನ್ನು ನೋಡಿ. ಪ್ರಬಂಧ ಒಳ್ಳೆಯದು ಎನ್ನಲಿಲ್ಲ, ಕೆಟ್ಟದ್ದು ಎನ್ನಲಿಲ್ಲ, ಹೀಗೆ ಬರಿ ಎಂದು ಉಪದೇಶ ಮಾಡಲಿಲ್ಲ. ಓದುವಾಗ ತನಗೆ ಏನಾಯಿತು, ಯಾವ ಜಾಗದಲ್ಲಿ ಆಯಿತು ಎಂದಷ್ಟೇ ಹೇಳಿದ. ಆಮೇಲೆ ಎರಡು ಪ್ರಶ್ನೆ ಕೇಳಿದ, ಅದೂ ನಿಜವಾಗಿ ತಿಳಿಯದೆ ಕೇಳಿದ ಪ್ರಶ್ನೆ. ಮೇಷ್ಟ್ರು ಕೇಳುವ ಪ್ರಶ್ನೆಗೆ ಉತ್ತರ ಅವರಿಗೆ ಮೊದಲೇ ಗೊತ್ತಿರುತ್ತದೆ, ಮಕ್ಕಳಿಗೂ ಅದು ಗೊತ್ತು. ಅಮೆರಿಕದಲ್ಲಿ ಪೀಟರ್ ಎಲ್ಬೋ ಎಂಬ ಮೇಷ್ಟ್ರು 1973ರಲ್ಲೇ 'ರೈಟಿಂಗ್ ವಿದೌಟ್ ಟೀಚರ್ಸ್' ಎಂದು ಪುಸ್ತಕ ಬರೆದು, ಬರೆಯುವವರು ಗುಂಪು ಕೂಡಿ ಒಬ್ಬರದನ್ನೊಬ್ಬರು ಓದಿಕೊಳ್ಳಿ, ತೀರ್ಪು ಕೊಡಬೇಡಿ, ಓದುತ್ತಿದ್ದಾಗ ನಿಮ್ಮ ತಲೆಯೊಳಗೆ ನಡೆದದ್ದನ್ನು ನಡೆದ ಹಾಗೆ ಹೇಳಿ ಎಂದು ಸಾರಿದರು. ಆ ಹುಡುಗ ಎಲ್ಬೋನನ್ನು ಓದಿರಲಾರ. ಫೋನ್ ನೋಡಿದ್ದನ್ನು ಮುಚ್ಚಿಡಬೇಕೆಂದು ಅವನಿಗೆ ಹೊಳೆದಿಲ್ಲ, ಅಷ್ಟೇ.

"ಆದರೂ ಮೇಷ್ಟ್ರೇ, ತಾನು ಬರೆದದ್ದರಲ್ಲಿ ಏನು ತಪ್ಪಿದೆ ಅಂತ ಅವಳಿಗೇ ಗೊತ್ತಾಗಲ್ವಾ? ಇನ್ನೊಬ್ಬ ಯಾಕೆ ಬೇಕು?"

ಈ ಪ್ರಶ್ನೆಗೆ ಉತ್ತರ ಕನ್ನಡದಲ್ಲಿ ಸಾವಿರದ ನೂರು ವರ್ಷಕ್ಕೂ ಹಿಂದೆಯೇ ಸಿಕ್ಕಿದೆ. ನಮಗೆ ದೊರೆತಿರುವ ಕನ್ನಡ ಗ್ರಂಥಗಳಲ್ಲಿ ಎಲ್ಲಕ್ಕಿಂತ ಹಳೆಯದು ಒಂಬತ್ತನೆಯ ಶತಮಾನದ ಕವಿರಾಜಮಾರ್ಗ. ರಾಷ್ಟ್ರಕೂಟರ ನೃಪತುಂಗನ ಆಸ್ಥಾನದಲ್ಲಿ ಹುಟ್ಟಿದ ಈ ಪುಸ್ತಕದ ಬಹುಪಾಲು ಕಾವ್ಯದ ಗುಣದೋಷಗಳ ವಿಚಾರವೇ. ಕಣ್ಣಿಗೆ ತನ್ನ ಕಾಡಿಗೆ ಹೇಗೆ ಕಾಣದೋ ಬರೆದವನಿಗೆ ತನ್ನ ದೋಷವೂ ಹಾಗೇ ಕಾಣದು ಎಂಬ ಮಾತು ಅಲ್ಲಿದೆ. ಓದು ಬರಹವಿಲ್ಲದೆಯೂ ಕಾವ್ಯದ ಮರ್ಮ ಬಲ್ಲವರು ಎಂದು ಈ ನಾಡಿನ ಜನರನ್ನು ಹೊಗಳಿದ್ದೂ ಅದೇ ಪುಸ್ತಕ. ಎರಡನ್ನೂ ಸೇರಿಸಿ ನೋಡಿ. ನಿನ್ನ ತಪ್ಪು ನಿನಗೆ ಕಾಣದು, ಪಕ್ಕದಲ್ಲಿ ಕೂತವನಿಗೆ ಅದನ್ನು ಕಾಣುವ ಯೋಗ್ಯತೆ ಉಂಟು. ಪುಟ್ಟಿಯ ಮೇಡಂ ಹೊಸದೇನನ್ನೂ ಮಾಡಲಿಲ್ಲ.

"ಆಗಿನ ಕವಿಗಳು ಹೇಳಿಸಿಕೊಳ್ತಿದ್ರಾ?" ಎಂದು ತಾಯಿ ಕೇಳಿದರು.

ಹೇಳಿಸಿಕೊಂಡವರೂ ಇದ್ದರು, ಹೊಡೆಸಿಕೊಂಡವರೂ ಇದ್ದರು. ರಾಘವಾಂಕನ ಕಥೆ ಹೇಳಿದೆ. ಅವನು ಹರಿಶ್ಚಂದ್ರ ಕಾವ್ಯ ಬರೆದು ತಂದಾಗ, ಸೋದರಮಾವನೂ ಗುರುವೂ ಆದ ಹರಿಹರ, ಶಿವನನ್ನು ಬಿಟ್ಟು ನರರನ್ನು ಹಾಡಿದೆಯಾ ಎಂದು ಸಿಟ್ಟಿಗೆದ್ದು ಪೆಟ್ಟು ಕೊಟ್ಟನೆಂದೂ, ಶಿಷ್ಯನ ಹಲ್ಲುಗಳು ಉದುರಿದವೆಂದೂ, ಆಮೇಲೆ ಶಿವಶರಣರ ಮೇಲೆ ಕಾವ್ಯ ಬರೆದಂತೆ ಹಲ್ಲುಗಳು ಮರಳಿ ಬಂದವೆಂದೂ ಐತಿಹ್ಯ. ನಡೆಯಿತೋ ಇಲ್ಲವೋ, ಅಭಿಪ್ರಾಯ ಹೇಗೆ ಕೊಡಬಾರದು ಎನ್ನುವುದಕ್ಕೆ ಇದಕ್ಕಿಂತ ಒಳ್ಳೆಯ ಪಾಠ ಬೇಕಿಲ್ಲ. ಪೆಟ್ಟಿನ ಮಾತು ಬಿಡಿ. ಕಾವ್ಯ ಪೂರ್ತಿ ಮುಗಿದ ಮೇಲೆ ವಸ್ತುವೇ ಸರಿಯಿಲ್ಲ ಎಂದರೆ ಕವಿ ಏನು ಮಾಡಬೇಕು? ಕೆರೆಯ ಮೇಲೆ ನಾಲ್ಕು ಪುಟ ಬರೆದವಳಿಗೆ ಕೆರೆ ಯಾಕೆ ಬರೆದೆ, ಬೆಟ್ಟ ಬರೆಯಬೇಕಿತ್ತು ಎನ್ನುವ ಸಹಪಾಠಿಗಳು ಇಂದಿಗೂ ಇದ್ದಾರೆ. ಹರಿಹರನ ವಂಶ ಅಳಿದಿಲ್ಲ. ಇನ್ನು ನಾಡು ಇವತ್ತಿಗೂ ಬಾಯಿಪಾಠ ಮಾಡಿ ಗಮಕದಲ್ಲಿ ಹಾಡುವುದು ಆ ಹಲ್ಲುದುರಿಸಿದ ಹರಿಶ್ಚಂದ್ರನನ್ನೇ.

ಕುಮಾರವ್ಯಾಸನಂತೂ ಒಮ್ಮೆ ಇಟ್ಟ ಪದವನ್ನು ಅಳಿಸದ ಹೆಚ್ಚುಗಾರಿಕೆ ತನ್ನದು ಎಂದು ಹೇಳಿಕೊಂಡವನು. ಅವನಿಗೆ ಒಪ್ಪುತ್ತದೆ. ನಮ್ಮ ಕಾಲೇಜುಗಳಲ್ಲಿ ಮಾತ್ರ ಎಲ್ಲರೂ ಕುಮಾರವ್ಯಾಸರೇ. ಕರಡು ಎಂಬುದೇ ಇಲ್ಲ, ಬರೆದದ್ದೆಲ್ಲ ನೇರವಾಗಿ ಶುದ್ಧಪ್ರತಿ.

ಧಾರವಾಡದಲ್ಲಿ 1920ರ ದಶಕದಲ್ಲಿ ಬೇಂದ್ರೆಯವರ ಸುತ್ತ ಗೆಳೆಯರ ಗುಂಪು ಕಟ್ಟಿಕೊಂಡಿತು. ಶಂ. ಬಾ. ಜೋಶಿ, ಆನಂದಕಂದ, ಮುಗಳಿ, ಗೋಕಾಕ ಎಲ್ಲ ಅದರಲ್ಲಿದ್ದವರು, ಅವರಲ್ಲಿ ಗೋಕಾಕರು ಆಗಿನ್ನೂ ಕಾಲೇಜು ಹುಡುಗ. ಅವರೊಳಗೆ ಪರೀಕ್ಷೆ ಇರಲಿಲ್ಲ, ಅಂಕ ಇರಲಿಲ್ಲ. ಹೆಸರಿನಲ್ಲೇ ಗೆಳೆತನ ಇತ್ತು. ಇಷ್ಟು ಹೇಳಿದಾಗ ಪುಟ್ಟಿಯ ಮುಖ ತುಸು ಸಡಿಲವಾಯಿತು. ಬೇಂದ್ರೆ ಹೆಸರು ಬಂದರೆ ಕನ್ನಡದ ಹುಡುಗಿಯರು ಕರಗುತ್ತಾರೆ.

"ಸರಿ ತಾತ, ಆದರೆ ನಾನು ಅವನಿಗೆ ಎಕ್ಸ್‌ಪ್ಲೇನ್ ಮಾಡಿದೆ. ಮೊದಲ ಪುಟ ಯಾಕಿದೆ ಅಂದ್ರೆ, ನೀರಿನ ಮಹತ್ವ ಹೇಳಿ ಆಮೇಲೆ ನಮ್ಮೂರಿಗೆ ಬರೋಣ ಅಂತ. ಅವನಿಗೆ ಅರ್ಥ ಆಗಲಿಲ್ಲ."

ಇದೊಂದು ಎಲ್ಲರೂ ಮಾಡುವ ಕೆಲಸ. ಕರಡನ್ನು ಗೆಳೆಯನ ಕೈಗೆ ಕೊಟ್ಟು ಪಕ್ಕದಲ್ಲೇ ನಿಂತು ವಕಾಲತ್ತು ವಹಿಸುವುದು. "ನಾನು ಹೇಳೋಕೆ ಹೊರಟದ್ದು ಏನಪ್ಪಾ ಅಂದ್ರೆ" ಎಂದು ಬಾಯಲ್ಲಿ ಹೇಳಬೇಕಾಗಿ ಬಂದರೆ ಅದು ಹಾಳೆಯ ಮೇಲೆ ಇಲ್ಲ ಎಂದೇ ಲೆಕ್ಕ. ಮೌಲ್ಯಮಾಪನ ಕೇಂದ್ರಕ್ಕೆ ಹೋಗಿ ಮೌಲ್ಯಮಾಪಕರ ಕಿವಿಯಲ್ಲಿ ವಿವರಿಸಿ ಬರಲು ಆಗುವುದಿಲ್ಲವಲ್ಲ. ಹೇಳಿಸಿಕೊಳ್ಳುವಾಗ ಬಾಯಿ ಮುಚ್ಚಿಕೊಂಡು ಬರೆದುಕೊಳ್ಳಬೇಕು. ಒಪ್ಪುವುದು, ಬಿಡುವುದು ಆಮೇಲೆ, ಮನೆಗೆ ಬಂದು. ಬಂದ ಅಭಿಪ್ರಾಯವನ್ನೆಲ್ಲ ಶಿರಸಾವಹಿಸಬೇಕೆಂದೇನೂ ಇಲ್ಲ. ನಾಲ್ವರ ಮಾತು ಕೇಳಿ ನಾಲ್ಕು ಕಡೆ ತಿದ್ದಿದರೆ ಪ್ರಬಂಧ ಯಾರದ್ದೂ ಆಗದೆ ಹೋಗುತ್ತದೆ. ಬರೆಯುವವಳು ಕೊನೆಗೂ ಅವಳೇ. ಕೆಲವರಿಗಂತೂ ಗೆಳೆಯರ ವಾಕ್ಯ ಕಂಡರೆ ಕೈ ಸುಮ್ಮನಿರುವುದಿಲ್ಲ, ಹೊಡೆದು ಹಾಕಿ ತಮ್ಮದೊಂದನ್ನು ಬರೆದೇಬಿಡುತ್ತಾರೆ. ಆ ಚಪಲವನ್ನು ತಡೆದುಕೊಳ್ಳಬೇಕು.

ಇನ್ನೊಂದು ಉಪಾಯ ಹೇಳಿಕೊಟ್ಟೆ, ಅದು ಕನ್ನಡಕ್ಕೆ ವಿಶೇಷವಾಗಿ ಹೊಂದುತ್ತದೆ. ನಿಮ್ಮ ಕರಡನ್ನು ನೀವು ಓದಬೇಡಿ, ಗೆಳತಿಯ ಕೈಲಿ ಗಟ್ಟಿಯಾಗಿ ಓದಿಸಿ. ನಮ್ಮಲ್ಲಿ ಕ್ರಿಯಾಪದ ಬರುವುದು ಕೊನೆಗೆ. ಹೋಗಿ, ನೋಡಿ, ಬಂದು, ಕೂತು, ಯೋಚಿಸಿ ಎಂದು ಸರಪಳಿ ಕಟ್ಟುತ್ತ ಹೋದರೆ ಓದುವವಳಿಗೆ ಕರ್ತೃಪದ ಮರೆತೇ ಹೋಗಿರುತ್ತದೆ. ಎಲ್ಲಿ ಅವಳ ಉಸಿರು ಸಿಕ್ಕಿಕೊಂಡಿತೋ, ಎಲ್ಲಿ ಹಿಂದಕ್ಕೆ ಹೋಗಿ ಮತ್ತೆ ಓದಿದಳೋ ಅಲ್ಲೊಂದು ಗುರುತು ಹಾಕಿಕೊಂಡರೆ ಸಾಕು. ಅವಳು ವ್ಯಾಕರಣ ಬಲ್ಲವಳಾಗಿರಬೇಕಾಗಿಲ್ಲ.

ಅಲ್ಲೇ ಗೋಡೆಗೆ ಒರಗಿ ತಾಯಿಯ ಕೈಲಿ ಓದಿಸಿದೆವು. ಮೊದಲ ಪುಟವನ್ನು ಆಕೆ ಆಕಾಶವಾಣಿ ವಾರ್ತೆಯ ಧಾಟಿಯಲ್ಲಿ ಓದಿದರು, ಎಲ್ಲೂ ತಡೆಯದೆ, ಏನೂ ತಟ್ಟದೆ. ಎರಡನೇ ಪುಟದಲ್ಲಿ ತೂಬಿನ ಜಾಗ ಬಂತು. ಓದು ನಿಲ್ಲಿಸಿ, "ಅಯ್ಯೋ, ಇದು ಬರೆದಿದ್ದೀಯಾ? ಮಾವನೋರು ನೀರುಗಂಟಿ ಆಗಿದ್ದಾಗ ಚಳಿಗಾಲದಲ್ಲೂ ಹಂಗೇ ಇಳಿಯೋರು ಮೇಷ್ಟ್ರೇ," ಎಂದರು. ಆಮೇಲೆ ಮಗಳ ಮುಖ ನೋಡಿದರು. ಪೆನ್ಸಿಲಿನ ಹುಡುಗ ನಿಂತ ಜಾಗದಲ್ಲೇ ತಾವೂ ನಿಂತದ್ದು ಆಕೆಗೆ ಗೊತ್ತಾಗಿತ್ತು. ಒಪ್ಪಿಕೊಳ್ಳಲಿಲ್ಲ, ಹಾಲು ನೋಡಿಕೊಂಡು ಬರುತ್ತೇನೆಂದು ಒಳಗೆ ಹೋದರು.

ಪುಟ್ಟಿ ಆವತ್ತು ಸಂಜೆ ಊರಿಗೆ ಫೋನ್ ಮಾಡಿ ಅಜ್ಜಿಯನ್ನು ಕೇಳಿದಳಂತೆ. ಸಂಬಳ ಎಂಬುದು ಇರಲಿಲ್ಲ. ಸುಗ್ಗಿಯಲ್ಲಿ ಅಚ್ಚುಕಟ್ಟಿನ ಒಬ್ಬೊಬ್ಬ ರೈತನೂ ಕಣದಲ್ಲೇ ಇಷ್ಟು ಭತ್ತ ಎಂದು ಅಳೆದು ಕೊಡುತ್ತಿದ್ದ. ಕೋಡಿ ಬಿದ್ದ ವರ್ಷ ಯಾರಿಗೆ ಮೊದಲು ಎಂಬ ಪ್ರಶ್ನೆಯೇ ಏಳುತ್ತಿರಲಿಲ್ಲ. ಕೆರೆ ಅರ್ಧ ತುಂಬಿದ ವರ್ಷ ಮಾತ್ರ ತಾತನ ಮಾತೇ ಕೊನೆ. ಅಂಥ ಒಂದು ವರ್ಷ ಯಾರೋ ರಾತ್ರಿ ಹೊತ್ತು ಬಾಳೆಗೊನೆ ತಂದು ಜಗಲಿಯ ಮೇಲಿಟ್ಟು ಹೋಗಿದ್ದರು, ಬೆಳಗಾಗುವುದರೊಳಗೆ ಅಜ್ಜಿ ಅದನ್ನು ಹೊತ್ತುಕೊಂಡು ಹೋಗಿ ಅವರ ಬಾಗಿಲಲ್ಲೇ ಇಟ್ಟು ಬಂದರು. ಮಾರನೆಯ ದಿನ ಪುಟ್ಟಿ ಇದನ್ನೆಲ್ಲ ಗೋಡೆಯ ಬಳಿ ನಿಂತು ಒಂದೇ ಉಸಿರಿನಲ್ಲಿ ಹೇಳಿದಳು. ಮಾನವನ ದುರಾಸೆ ಎಂದು ಮೊದಲ ಪುಟದಲ್ಲಿ ಬರೆದಿದ್ದಳಲ್ಲ, ಅದು ಇಲ್ಲಿ ಬಾಳೆಗೊನೆಯಾಗಿ ಬಂದಿದೆ. ಒಬ್ಬ ಹುಡುಗ ಪೆನ್ಸಿಲಿನಲ್ಲಿ ಎರಡು ಪ್ರಶ್ನೆ ಕೇಳದಿದ್ದರೆ ಆ ಗೊನೆ ಅಜ್ಜಿಯ ನೆನಪಿನಲ್ಲೇ ಉಳಿಯುತ್ತಿತ್ತು.

"ನೀನು ಯಾರದ್ದು ಓದಿದೆಯಮ್ಮಾ?" ಎಂದೆ.

"ಅವನದ್ದೇ. ಕ್ರಿಕೆಟ್ ಬಗ್ಗೆ. ಚೆನ್ನಾಗಿದೆ ಅಂತ ಬರೆದುಕೊಟ್ಟಿದ್ದೆ. ಈಗ ವಾಪಸ್ ಇಸಕೊಂಡಿದ್ದೀನಿ, ಮತ್ತೆ ಓದ್ತೀನಿ."

ಅದರಲ್ಲಿ ಲಾಭ ಅವಳದ್ದೇ ಹೆಚ್ಚು. ಅಮೆರಿಕದ ಒಂದು ವಿಶ್ವವಿದ್ಯಾಲಯದಲ್ಲಿ ಇಂಗ್ಲಿಷ್ ಕಲಿಯುತ್ತಿದ್ದ ಪರದೇಶಿ ವಿದ್ಯಾರ್ಥಿಗಳನ್ನು ಎರಡು ಪಂಗಡ ಮಾಡಿ, ಒಂದಕ್ಕೆ ಬೇರೆಯವರ ಬರಹಕ್ಕೆ ಅಭಿಪ್ರಾಯ ಕೊಡುವುದನ್ನು ಮಾತ್ರ, ಇನ್ನೊಂದಕ್ಕೆ ಬಂದ ಅಭಿಪ್ರಾಯ ಬಳಸಿ ತಿದ್ದುವುದನ್ನು ಮಾತ್ರ ಕಲಿಸಿ ನೋಡಿದರು. ಲುಂಡ್‌ಸ್ಟ್ರಾಮ್ ಮತ್ತು ಬೇಕರ್ ಎಂಬಿಬ್ಬರು 2009ರಲ್ಲಿ ಅದನ್ನು ಪ್ರಕಟಿಸಿದರು. ಬರವಣಿಗೆಯಲ್ಲಿ ಹೆಚ್ಚು ಮುಂದೆ ಹೋದವರು ಕೊಟ್ಟವರು, ಪಡೆದವರಲ್ಲ. ಇನ್ನೊಬ್ಬರ ಹಾಳೆಯಲ್ಲಿ 'ಇಂದಿನ ಆಧುನಿಕ ಯುಗ' ಕಂಡು ಒಮ್ಮೆ ಆಕಳಿಸಿದವಳಿಗೆ ತನ್ನ ಹಾಳೆಯಲ್ಲಿ ಅದನ್ನು ಬರೆಯಲು ಕೈ ಅಷ್ಟು ಸುಲಭವಾಗಿ ಏಳುವುದಿಲ್ಲ.

ಮೊನ್ನೆ ಪುಟ್ಟಿಯ ತಾಯಿ ಮತ್ತೆ ಗೋಡೆಯ ಹತ್ತಿರ ಬಂದರು. ಈ ಸಲದ ದೂರು ಬೇರೆ. ಮಗಳು ಪೂರ್ತಿ ಹೊಸದಾಗಿ ಬರೆಯಬೇಕು ಅನ್ನುತ್ತಿದ್ದಾಳೆ, ಕೊಡಬೇಕಾದ್ದು ನಾಳೆಯೇ. ಅಭಿಪ್ರಾಯ ತೆಗೆದುಕೊಂಡದ್ದು ಸೋಮವಾರ, ಒಪ್ಪಿಸಬೇಕಾದ್ದು ಶುಕ್ರವಾರ. ನಡುವೆ ಎರಡು ಟೆಸ್ಟು, ಒಂದು ಸೆಮಿನಾರು. ಇಂಥ ಹೊತ್ತಿನಲ್ಲಿ ಬಾಳೆಗೊನೆಯ ಗತಿ ಏನು? ಅರ್ಧ ತರಗತಿ ಸೂಪರ್ ಎಂದು ಬರೆದುಕೊಟ್ಟದ್ದು ಪ್ರೀತಿಗಲ್ಲ. ನಿಜ ಹೇಳಿದರೂ ತಿದ್ದಲು ಅವಳಿಗೆ ಹೊತ್ತೆಲ್ಲಿದೆ ಎಂಬ ಕರುಣೆಗೆ.

ಆದ್ದರಿಂದ ಈಗ ಪಾಠ ಹೇಳುತ್ತಿರುವ ಮೇಷ್ಟ್ರುಗಳಲ್ಲಿ, ಮೇಡಂಗಳಲ್ಲಿ ಒಂದು ವಿನಂತಿ. ಕರಡು ಬದಲಾಯಿಸಿಕೊಳ್ಳುವ ದಿನಕ್ಕೂ ಶುದ್ಧಪ್ರತಿ ಒಪ್ಪಿಸುವ ದಿನಕ್ಕೂ ನಡುವೆ ಎರಡು ವಾರ ಬಿಡಿ. ಮೊದಲ ಸುತ್ತಿನಲ್ಲಿ ಕೆಂಪು ಪೆನ್ನನ್ನು ತರಗತಿಯೊಳಗೆ ಬಿಡಬೇಡಿ, ಕಾಗುಣಿತಕ್ಕೆ ಕೊನೆಯ ದಿನ ಸಾಕು. ಅಂಕ ಕೊಡಲೇಬೇಕೆಂದಿದ್ದರೆ ಓದಿ ಒಳ್ಳೆಯ ಪ್ರಶ್ನೆ ಕೇಳಿದವರಿಗೂ ಎರಡು ಅಂಕ ಇಡಿ. ಪುಟ್ಟಿಯ ಮೇಡಂ ಇದನ್ನು ಓದಿದರೆ, ದಯವಿಟ್ಟು ಆ ಹುಡುಗಿಗೆ ಸೋಮವಾರದ ತನಕ ಗಡುವು ಕೊಡಿ.